17 ಎದುರಾಳಿ, 11 ಪಂದ್ಯ: ಎಎಫ್‌ಎಲ್ ಆಡಳಿತದವರಿಗೆ ಒಬ್ಬ ತಾಯಿಯ ಬಹಿರಂಗ ಪತ್ರ

ಆಸ್ಟ್ರೇಲಿಯನ್ ಫುಟ್‌ಬಾಲ್ ಲೀಗ್‌ನ ಆಡಳಿತದವರಿಗೆ,

ಮಾನ್ಯರೇ, ನಮಸ್ಕಾರ.

ನಮ್ಮ ಮನೆಯ ಫ್ರಿಜ್ ಬಾಗಿಲಿಗೆ ಒಂದು ಹಾಳೆ ಅಂಟಿಸಿದೆ. 2024ರ ಆಗಸ್ಟ್ ಕೊನೆಯಲ್ಲಿ ನನ್ನ ಹನ್ನೊಂದು ವರ್ಷದ ಮಗಳು ಸ್ಕೆಚ್ ಪೆನ್ನಿನಲ್ಲಿ ಬರೆದದ್ದು. ಎಡಗಡೆ ನಮ್ಮ ನಾರ್ತ್ ಮೆಲ್ಬರ್ನ್ ಬಿಟ್ಟು ಮಹಿಳಾ ಲೀಗ್ ಆಡುವ ಉಳಿದ 17 ಕ್ಲಬ್ಬುಗಳ ಹೆಸರು. ಒಂದೊಂದು ಹೆಸರಿನ ಪಕ್ಕ ಒಂದೊಂದು ಖಾಲಿ ಚೌಕ. ನಮ್ಮವರು ಗೆದ್ದರೆ ನೀಲಿ ಬಳಿಯಬೇಕು, ಸೋತರೆ ಕಪ್ಪು. ಹಾಗಂತ ಅವಳೇ ಲೆಕ್ಕ ಹಾಕಿಕೊಂಡಿದ್ದಳು.

ಕಪ್ಪು ಪೆನ್ನಿನ ಮುಚ್ಚಳ ತೆಗೆಯಲೇ ಬೇಕಾಗಲಿಲ್ಲ. ಹತ್ತು ಚೌಕ ನೀಲಿಯಾದವು. ಒಂದು ಪಂದ್ಯ ಡ್ರಾ ಆಯಿತು, ಅದಕ್ಕೆ ಅರ್ಧ ನೀಲಿ ಬಳಿದಳು. ಆಮೇಲೆ ಲೀಗ್ ಹಂತ ಮುಗಿದೇ ಹೋಯಿತು. ಆರು ಚೌಕ ಹಾಗೇ ಉಳಿದವು. "ಅಮ್ಮಾ, ಇವರ ಜೊತೆ ಯಾವಾಗ ಆಟ?" ಅಂತ ಕೇಳಿದಳು. ಈ ವರ್ಷ ಇಲ್ಲ ಪುಟ್ಟಿ, ಲೀಗ್ ಆದ ಮೇಲೆ ಕಪ್ಪಿಗಾಗಿ ನಡೆಯುವ ಫೈನಲ್ಸ್‌ನಲ್ಲಿ ಎದುರಾದರೆ ಉಂಟು, ಇಲ್ಲದಿದ್ದರೆ ಇಲ್ಲ ಅಂದೆ. "ಗಂಡಸರು 23 ಪಂದ್ಯ ಆಡ್ತಾರಲ್ವಾ? ಇವರಿಗೆ ಯಾಕೆ ಎಲ್ಲರ ಜೊತೆ ಒಂದು ಸಲಾನೂ ಆಡೋಕೆ ಬಿಡಲ್ಲ?" ಅಂದಳು. ಅವಳಿಗೆ ಹೇಳಲು ನನ್ನ ಹತ್ತಿರ ಉತ್ತರ ಇರಲಿಲ್ಲ. ಉತ್ತರ ಕೊಡಬೇಕಾದವರು ನೀವು. ಅದಕ್ಕೇ ಈ ಪತ್ರ.

ಇಂಗ್ಲಿಷ್‌ನಲ್ಲಿ ಬರೆದ ಪ್ರತಿಯನ್ನು ನಿಮಗೆ ಬೇರೆಯಾಗಿ ಕಳಿಸಿದ್ದೇನೆ. ಕನ್ನಡದಲ್ಲೂ ಬರೆಯಲು ಕಾರಣ ಇದೆ. ಮೆಲ್ಬರ್ನಿನ ಪಶ್ಚಿಮದ ಟಾರ್ನೀಟ್, ಟ್ರುಗನಿನಾ ಕಡೆ ನಮ್ಮ ಜನ ಬಹಳ ಇದ್ದಾರೆ. ಅವರ ಮಕ್ಕಳು ಶನಿವಾರ ಕ್ರಿಕೆಟ್ಟಿಗೆ ಹೋಗುತ್ತಾರೆ, ಭಾನುವಾರ ಕನ್ನಡ ಶಾಲೆಗೆ ಹೋಗುತ್ತಾರೆ. ಫುಟಿ, ಅಂದರೆ ಆಸ್ಟ್ರೇಲಿಯನ್ ಫುಟ್‌ಬಾಲ್ ಅನ್ನು ಮಾತ್ರ "ಅದು ಅವರ ಆಟ" ಅಂತ ದೂರ ಇಡುತ್ತಾರೆ. ಆರು ವರ್ಷದ ಹಿಂದೆ ನಾನೂ ಹಾಗೇ ಇದ್ದೆ. ಈ ಪತ್ರವನ್ನು ಅವರೂ ಓದಲಿ ಅಂತ ಆಸೆ.

ಅವರಿಗಾಗಿ ಎರಡು ಮಾತು. ಈ ಆಟ ನಡೆಯುವುದು ಕ್ರಿಕೆಟ್ ಮೈದಾನದಷ್ಟೇ ದೊಡ್ಡ ಅಂಡಾಕಾರದ ಮೈದಾನದಲ್ಲಿ. ಚೆಂಡು ಮೊಟ್ಟೆಯಾಕಾರದ್ದು. ಎರಡೂ ತುದಿಯಲ್ಲಿ ನಾಲ್ಕು ನಾಲ್ಕು ಕಂಬ. ನಡುವಿನ ಎರಡು ಕಂಬದ ಮಧ್ಯೆ ಒದ್ದರೆ ಗೋಲ್, 6 ಅಂಕ. ಪಕ್ಕದ ಕಂಬಗಳ ಮಧ್ಯೆ ಹೋದರೆ 1 ಅಂಕ. ಗಂಡಸರ ತಂಡದಲ್ಲಿ ಮೈದಾನದ ಮೇಲೆ 18 ಜನ, ಹೆಂಗಸರ ತಂಡದಲ್ಲಿ 16. ದೂರದಿಂದ ಒದ್ದ ಚೆಂಡನ್ನು ನೆಲಕ್ಕೆ ಬೀಳುವ ಮೊದಲೇ ಹಿಡಿದರೆ ಅದಕ್ಕೆ ಮಾರ್ಕ್ ಅಂತಾರೆ. ಕೆಲವು ಸಲ ಇನ್ನೊಬ್ಬರ ಹೆಗಲ ಮೇಲಿಂದ ಜಿಗಿದು ಹಿಡಿಯುತ್ತಾರೆ. ಒಮ್ಮೆ ಅದನ್ನು ಹತ್ತಿರದಿಂದ ನೋಡಿದರೆ ಸಾಕು, ಮತ್ತೆ ಹೋಗಬೇಕು ಅನಿಸುತ್ತದೆ.

ನಾನು ನರ್ಸ್. 2018ರಲ್ಲಿ ಇಲ್ಲಿಗೆ ಬಂದಾಗ ನಮ್ಮ ಬಾಡಿಗೆ ಮನೆ ನಾರ್ತ್ ಮೆಲ್ಬರ್ನಿನಲ್ಲಿತ್ತು. ಆರ್ಡನ್ ಸ್ಟ್ರೀಟ್ ಮೈದಾನಕ್ಕೆ ಹತ್ತು ನಿಮಿಷದ ನಡಿಗೆ. ನಾರ್ತ್ ಕ್ಲಬ್ಬಿನ ನೀಲಿ ಬಿಳಿ ಪಟ್ಟೆಯ ಅಂಗಿಯ ಪರಿಚಯ ಅಲ್ಲೇ ಆಯಿತು. ಆ ಕ್ಲಬ್ಬಿನ ಮಹಿಳಾ ತಂಡ ನಿಮ್ಮ ಲೀಗ್‌ಗೆ ಬಂದದ್ದು 2019ರಲ್ಲಿ. ಹಾಗಾಗಿ ಅವರೂ ನಾವೂ ಒಟ್ಟಿಗೇ ಹೊಸಬರು. ಆ ತಂಡದಲ್ಲಿ ಒಬ್ಬರ ಮುಖ ಎಲ್ಲೋ ನೋಡಿದ ಹಾಗಿತ್ತು. ಜೆಸ್ ಡಫಿನ್. ಹೌದು, 2013ರಲ್ಲಿ ಮುಂಬೈನ ಬ್ರಬೋರ್ನ್ ಮೈದಾನದಲ್ಲಿ ಮಹಿಳಾ ವಿಶ್ವಕಪ್ ಫೈನಲ್‌ನಲ್ಲಿ 75 ರನ್ ಹೊಡೆದು ಪಂದ್ಯಶ್ರೇಷ್ಠ ಆದ ಜೆಸ್ ಕ್ಯಾಮರೂನ್ ಅವರೇ. ಆಗಿನ ನಾಯಕಿ ಎಮ್ಮಾ ಕಿಯರ್ನಿ ಕೂಡ ಮೆಲ್ಬರ್ನ್ ಸ್ಟಾರ್ಸ್ ಪರ ಬಿಗ್ ಬ್ಯಾಶ್ ಆಡಿದವರು. ಕ್ರಿಕೆಟ್ ಹುಚ್ಚಿನ ನನ್ನ ಯಜಮಾನರು ಅವತ್ತೇ ಈ ತಂಡಕ್ಕೆ ಒಲಿದುಬಿಟ್ಟರು.

ಈ ತಂಡದ ಕಥೆಯನ್ನು ನಿಮಗೆ ನೆನಪಿಸಬೇಕು. ನೀವು ಹಾಕುವ ವೇಳಾಪಟ್ಟಿ ಆಡುವವರ ಬದುಕನ್ನು ಹೇಗೆ ಬದಲಿಸುತ್ತದೆ ಅನ್ನುವುದು ಇದರಲ್ಲಿ ಚೆನ್ನಾಗಿ ಕಾಣುತ್ತದೆ.

2019ರಲ್ಲಿ ಹತ್ತು ತಂಡಗಳಿದ್ದವು. ನೀವು ಅವನ್ನು ಎರಡು ಗುಂಪು ಮಾಡಿದಿರಿ. ಒಬ್ಬೊಬ್ಬರಿಗೆ ಬರೀ 7 ಪಂದ್ಯ. ನಾರ್ತ್ 5 ಗೆದ್ದು 2 ಸೋತಿತು. ಆದರೂ ತನ್ನ ಗುಂಪಿನಲ್ಲಿ ಮೂರನೆಯದಾಗಿ ಮನೆಗೆ ಹೋಯಿತು. ಇನ್ನೊಂದು ಗುಂಪಿನಲ್ಲಿ 3 ಗೆದ್ದು 4 ಸೋತ ಜೀಲಾಂಗ್ ಫೈನಲ್ಸ್ ಆಡಿತು. ಜೀಲಾಂಗ್ ಹುಡುಗಿಯರದ್ದು ಏನೂ ತಪ್ಪಿಲ್ಲ. ಪಂದ್ಯ ಕಡಿಮೆ ಇದ್ದರೆ ಯಾರು ಯಾರ ಎದುರು ಬಿದ್ದರು ಅನ್ನುವುದೇ ಎಲ್ಲವನ್ನೂ ತೀರ್ಮಾನಿಸಿಬಿಡುತ್ತದೆ.

2020ರಲ್ಲಿ ಕೊರೊನಾ ಬಂತು. ಪ್ರೇಕ್ಷಕರೇ ಇಲ್ಲದ ಮೈದಾನದಲ್ಲಿ ನಾರ್ತ್ ತಂಡ ಕಾಲಿಂಗ್‌ವುಡ್ಡನ್ನು ಸೋಲಿಸಿತು. ಮುಂದಿನ ಹಂತಕ್ಕೆ ಹೋಗಬೇಕು ಅನ್ನುವಷ್ಟರಲ್ಲಿ ಇಡೀ ಟೂರ್ನಿಯೇ ರದ್ದಾಯಿತು. ಆ ವರ್ಷ ಯಾರಿಗೂ ಕಪ್ ಇಲ್ಲ. ಅದು ಯಾರ ಕೈಯಲ್ಲೂ ಇರಲಿಲ್ಲ, ಒಪ್ಪುತ್ತೇನೆ. 2023ರಲ್ಲಿ ಕೊನೆಗೂ ಕಪ್ ತೀರ್ಮಾನಿಸುವ ಗ್ರ್ಯಾಂಡ್ ಫೈನಲ್ ತಲುಪಿದರು. ಮೆಲ್ಬರ್ನಿನ ಐಕಾನ್ ಪಾರ್ಕ್ ಮೈದಾನದಲ್ಲಿ ಬ್ರಿಸ್ಬೇನ್ ಎದುರು 17 ಅಂಕಗಳಿಂದ ಸೋತರು. ಆ ರಾತ್ರಿ ನನ್ನ ಮಗಳು ಊಟ ಮಾಡಲಿಲ್ಲ. ಅನ್ನ ಸಾರು ಕಲಸಿ ತುತ್ತು ಕೊಡಲು ಹೋದೆ, ಬಾಯಿ ತೆರೆಯಲಿಲ್ಲ.

ಈ ವರ್ಷ, 2024ರ ನವೆಂಬರ್ 30, ಶನಿವಾರ. ಅದೇ ಐಕಾನ್ ಪಾರ್ಕ್, ಎದುರಿಗೆ ಅದೇ ಬ್ರಿಸ್ಬೇನ್. ನಾರ್ತ್ 39, ಬ್ರಿಸ್ಬೇನ್ 9. ಇಡೀ ಸೀಸನ್ ಒಂದೂ ಸೋಲಿಲ್ಲ. ಆ ಕ್ಲಬ್ಬಿಗೆ ಗಂಡಸರ ತಂಡ ಕೊನೆಯ ಕಪ್ ತಂದದ್ದು 1999ರಲ್ಲಿ. 25 ವರ್ಷ ಆಗಿತ್ತು. 2021 ಮತ್ತು 2022ರಲ್ಲಿ ಗಂಡಸರ ತಂಡ ಪಟ್ಟಿಯ ಕಟ್ಟಕಡೆಯಲ್ಲಿತ್ತು. ಈ ವರ್ಷವೂ ಹದಿನೇಳನೇ ಸ್ಥಾನ. ಆ ಕ್ಲಬ್ಬನ್ನು ನಂಬಿಕೊಂಡ ಜನ ವರ್ಷಗಟ್ಟಲೆ ತಲೆ ತಗ್ಗಿಸಿಕೊಂಡು ಓಡಾಡಿದ್ದಾರೆ. ಅವರ ತಲೆ ಎತ್ತಿಸಿದವರು ಈ ಹೆಣ್ಣುಮಕ್ಕಳು.

ಅವತ್ತಿನ ಶ್ರೇಷ್ಠ ಆಟಗಾರ್ತಿ ಜಾಸ್ಮಿನ್ ಗಾರ್ನರ್. ಈ ಹೆಸರನ್ನು ನೀವು ಮರೆತಿರಲಿಕ್ಕಿಲ್ಲ. 2017ರ ಫೆಬ್ರವರಿ 3ರಂದು ನಿಮ್ಮ ಮಹಿಳಾ ಲೀಗ್‌ನ ಮೊಟ್ಟಮೊದಲ ಪಂದ್ಯ ನಡೆಯಿತು, ಕಾರ್ಲ್ಟನ್ ಮತ್ತು ಕಾಲಿಂಗ್‌ವುಡ್ ಮಧ್ಯೆ. ಅವತ್ತು ಲೀಗ್‌ನ ಮೊದಲ ಗೋಲ್ ಹೊಡೆದವರೂ ಇವರೇ, ಆಗ ಕಾಲಿಂಗ್‌ವುಡ್ ಪರ. ಅದೂ ಇದೇ ಐಕಾನ್ ಪಾರ್ಕಿನಲ್ಲಿ. ಆ ಸಂಜೆ 24,568 ಜನ ಒಳಗೆ ಬಂದ ಮೇಲೆ ಗೇಟು ಮುಚ್ಚಬೇಕಾಯಿತು. ಹೊರಗೆ ಇನ್ನೂ ಜನ ನಿಂತಿದ್ದರು. ಆಗಿನ ನಿಮ್ಮ ಮುಖ್ಯಸ್ಥರು ಗಿಲನ್ ಮೆಕ್‌ಲಾಕ್ಲನ್ ಸ್ವತಃ ಹೊರಗೆ ಹೋಗಿ ಆ ಜನರ ಹತ್ತಿರ ಕ್ಷಮೆ ಕೇಳಿದರು. ಜನ ಬರುತ್ತಾರೋ ಇಲ್ಲವೋ ಅನ್ನುವ ಪ್ರಶ್ನೆಗೆ ಮೊದಲ ದಿನವೇ ಉತ್ತರ ಸಿಕ್ಕಿತ್ತು. 2019ರ ಗ್ರ್ಯಾಂಡ್ ಫೈನಲ್‌ಗೆ ಅಡಿಲೇಡ್ ಓವಲ್‌ನಲ್ಲಿ 53,034 ಜನ ಸೇರಿದರು. ಆಗ ಪ್ರವೇಶ ಉಚಿತವಾಗಿತ್ತು, ನಿಜ. ಆದರೆ ಉಚಿತ ಅಂದ ಮಾತ್ರಕ್ಕೆ ಐವತ್ತು ಸಾವಿರ ಜನ ಮನೆ ಬಿಟ್ಟು ಬರುವುದಿಲ್ಲ. ಇಷ್ಟ ಇದ್ದರೆ ಮಾತ್ರ ಬರುತ್ತಾರೆ.

ಈಗ ನಿಮ್ಮ ಷರತ್ತಿನ ವಿಷಯ. 2023ರಲ್ಲಿ ಆಟಗಾರರ ಜೊತೆ ಮಾಡಿಕೊಂಡ ಒಪ್ಪಂದದ ಪ್ರಕಾರ ಆ ವರ್ಷ 10 ಪಂದ್ಯ, ಈ ವರ್ಷ 11, ಮುಂದಿನ ವರ್ಷ 12. ಅದಕ್ಕಿಂತ ಜಾಸ್ತಿ ಬೇಕಾದರೆ ಪಂದ್ಯಕ್ಕೆ ಸರಾಸರಿ 6,000 ಜನ ಮೈದಾನಕ್ಕೆ ಬರಬೇಕು, ಸರಾಸರಿ 1 ಲಕ್ಷ ಜನ ಟಿವಿಯಲ್ಲಿ ನೋಡಬೇಕು. ಅಷ್ಟಾದರೂ 2027ರ ಹೊತ್ತಿಗೆ ಸಿಗುವುದು 14. ಈ ವರ್ಷದ ಸರಾಸರಿ 6,000ದ ಅರ್ಧವೂ ಆಗಲಿಲ್ಲ. ಅದನ್ನು ಮುಚ್ಚಿಡುವುದಿಲ್ಲ. ಆದರೆ ಯಾಕೆ ಆಗಲಿಲ್ಲ ಅಂತ ಕೂತು ಯೋಚಿಸೋಣ.

ನಮ್ಮಲ್ಲಿ ಒಂದು ಮಾತಿದೆ. ಹುಚ್ಚು ಬಿಡುವ ತನಕ ಮದುವೆ ಆಗುವುದಿಲ್ಲ, ಮದುವೆ ಆಗುವ ತನಕ ಹುಚ್ಚು ಬಿಡುವುದಿಲ್ಲ. ಜನ ಬಂದರೆ ಪಂದ್ಯ ಕೊಡುತ್ತೇವೆ ಅನ್ನುತ್ತೀರಿ. ಪಂದ್ಯವೇ ಇಲ್ಲದಿದ್ದರೆ ಜನ ಬರುವುದು ಹೇಗೆ? ಒಂದು ತಂಡದ ಮೇಲೆ ಪ್ರೀತಿ ಹುಟ್ಟಲು ಸಮಯ ಬೇಕು. ಆಗಸ್ಟ್ 30ಕ್ಕೆ ಶುರು, ನವೆಂಬರ್ 30ಕ್ಕೆ ಎಲ್ಲ ಮುಗಿಯಿತು. ಮೊದಲ ತಿಂಗಳು ಇಡೀ ಗಂಡಸರ ಫೈನಲ್ಸ್. ಪೇಪರು, ಟಿವಿ, ಟ್ರ್ಯಾಮಿನಲ್ಲಿ ಪಕ್ಕ ಕೂತವರ ಮಾತು, ಎಲ್ಲದರಲ್ಲೂ ಅದೇ. ಸೆಪ್ಟೆಂಬರ್ 28ಕ್ಕೆ ಅದು ಮುಗಿದು ಜನ ಈ ಕಡೆ ತಿರುಗಿ ನೋಡುವಾಗ ಹೆಂಗಸರ ಲೀಗ್ ಅರ್ಧ ಕಳೆದಿರುತ್ತದೆ.

ಇನ್ನೊಂದು, ಈ ವರ್ಷದ ವೇಳಾಪಟ್ಟಿ. 11 ಪಂದ್ಯಗಳನ್ನು ಹತ್ತೇ ವಾರದಲ್ಲಿ ತುರುಕಲು ವಾರದ ನಡುವೆ ಪಂದ್ಯ ಇಟ್ಟಿರಿ. ಮಂಗಳವಾರ, ಬುಧವಾರ. ಆ ಹೊತ್ತಿಗೆ ಮಕ್ಕಳು ಸ್ಕೂಲಿನಿಂದ ಬಂದು ಹೋಮ್‌ವರ್ಕ್ ಮಾಡುತ್ತಿರುತ್ತಾರೆ. ಅಪ್ಪ ಅಮ್ಮ ಟ್ರೈನಿನಲ್ಲಿ ನಿಂತಿರುತ್ತಾರೆ. ನನ್ನಂಥವರು ನೈಟ್ ಡ್ಯೂಟಿಗೆ ಹೊರಡುತ್ತಿರುತ್ತಾರೆ. ಮಹಿಳಾ ಪಂದ್ಯಕ್ಕೆ ಬರುವವರಲ್ಲಿ ಚಿಕ್ಕ ಮಕ್ಕಳಿರುವ ಮನೆಯವರೇ ಹೆಚ್ಚು, ಅದು ನೀವೂ ಕಂಡದ್ದೇ. ಅವರಿಗೆ ಬರಲಾಗದ ದಿನ ಪಂದ್ಯ ಇಟ್ಟು, ಆ ದಿನ ಬಂದವರ ತಲೆಯನ್ನೂ ಸರಾಸರಿಗೆ ಸೇರಿಸುವುದು ಸರಿಯಾದ ಲೆಕ್ಕ ಅಲ್ಲ. ಷರತ್ತು ಇರಲೇಬೇಕು ಅಂದರೆ, ವಾರದ ನಡುವಿನ ಪಂದ್ಯಗಳನ್ನು ಲೆಕ್ಕದಿಂದ ಬಿಡಿ.

ಆಟಗಾರ್ತಿಯರ ಮೈಗೂ ಅದು ಒಳ್ಳೆಯದಲ್ಲ. ಹೆಣ್ಣುಮಕ್ಕಳಲ್ಲಿ ಮೊಣಕಾಲಿನ ಎಸಿಎಲ್ (ಕೀಲನ್ನು ಹಿಡಿದಿಡುವ ತಂತು) ಹರಿಯುವ ಅಪಾಯ ಗಂಡಸರಿಗಿಂತ ಜಾಸ್ತಿ. ಆಸ್ಪತ್ರೆಯ ಕೆಲಸದಲ್ಲಿ ಆ ಗಾಯ ಆದವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಆಪರೇಷನ್ ಆದ ಮೇಲೆ ಒಂದೊಂದು ಹೆಜ್ಜೆ ಇಡುವಾಗ ಅವರ ಮುಖ ಹೇಗಿರುತ್ತದೆ ಅಂತ ನನಗೆ ಗೊತ್ತು. 2019ರ ಫೈನಲ್‌ನಲ್ಲಿ ಅಡಿಲೇಡ್ ತಂಡದ ಎರಿನ್ ಫಿಲಿಪ್ಸ್ ಅದೇ ಎಸಿಎಲ್ ಹರಿದುಕೊಂಡು ಹೊರಗೆ ಹೋಗುವಾಗ ಐವತ್ತು ಸಾವಿರ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರಲ್ಲ, ಅದನ್ನು ನೆನೆದರೆ ಈಗಲೂ ಕಣ್ಣು ತುಂಬುತ್ತದೆ. ಉದ್ದ ಸೀಸನ್ ಆದರೆ ಗಾಯ ಜಾಸ್ತಿ ಆಗುತ್ತದೆ ಅಂತ ಕೆಲವರು ಹೇಳುತ್ತಾರೆ. ನಾಲ್ಕೈದು ದಿನಕ್ಕೆ ಒಂದು ಪಂದ್ಯ ಆಡಿಸುವುದಕ್ಕಿಂತ ಏಳು ದಿನಕ್ಕೆ ಒಂದು ಆಡಿಸಿ ಸೀಸನ್ ಉದ್ದ ಮಾಡುವುದೇ ಮೈಗೆ ಹಗುರ. ವಾರದಲ್ಲಿ ಸ್ನಾಯು ಸುಧಾರಿಸಿಕೊಳ್ಳುತ್ತದೆ.

ಸಂಬಳದ ಬಗ್ಗೆ ಹೆಚ್ಚು ಬರೆಯುವುದಿಲ್ಲ. 2017ರಲ್ಲಿ ಬಹಳಷ್ಟು ಹುಡುಗಿಯರು 8,500 ಡಾಲರಿಗೆ ಆಡಿದರು. ಈಗ ಸರಾಸರಿ 60,000 ದಾಟಿದೆ, 2027ಕ್ಕೆ 82,000 ಆಗಲಿದೆ. ಅದು ದೊಡ್ಡ ಹೆಜ್ಜೆ. ಅದಕ್ಕಾಗಿ ನಿಮಗೆ ಮನಸಾರೆ ಧನ್ಯವಾದ. ಆದರೂ ಎಷ್ಟೋ ಜನ ಇನ್ನೂ ಬೇರೆ ಕೆಲಸ ಮಾಡಿಕೊಂಡೇ ಆಡುತ್ತಿದ್ದಾರೆ. ಹಗಲು ದುಡಿದು ಸಂಜೆ ತಾಲೀಮಿಗೆ ಓಡುವವರಿಗೆ, ಬರುವ ವರ್ಷ ಎಷ್ಟು ಪಂದ್ಯ, ಎಷ್ಟು ತಿಂಗಳು ಅನ್ನುವುದು ಜನ ಎಣಿಸಿದ ಮೇಲಷ್ಟೇ ತಿಳಿಯುವಂತಿರಬಾರದು.

ಇನ್ನು ಸ್ವಂತ ಮಾತು ಸ್ವಲ್ಪ.

ನಾನು ತುಮಕೂರಿನ ಹತ್ತಿರದ ಹಳ್ಳಿಯವಳು. ಸ್ಕೂಲಿನಲ್ಲಿ ಖೋ ಖೋ ಆಡುತ್ತಿದ್ದೆ. ಹೋಬಳಿ ಮಟ್ಟ ಗೆದ್ದು ತಾಲ್ಲೂಕು ಮಟ್ಟಕ್ಕೆ ಹೋಗಿದ್ದೆವು. ಕಂಬದ ಹತ್ತಿರ ಡೈವ್ ಹೊಡೆದು ಎದುರಾಳಿಯನ್ನು ಮುಟ್ಟುವುದರಲ್ಲಿ ನನ್ನನ್ನು ಮೀರಿಸಿದವರಿರಲಿಲ್ಲ. ಒಂಬತ್ತನೇ ಕ್ಲಾಸ್ ಮುಗಿದ ಬೇಸಿಗೆಯಲ್ಲಿ ಮನೆಯಲ್ಲಿ ಸಾಕು ಅಂದರು. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. "ದೊಡ್ಡವಳಾದೆ, ಇನ್ನು ಸಾಕು ಕಣಮ್ಮ" ಅಂದರು ಅಜ್ಜಿ, ಅಷ್ಟೇ. ಆ ಮೇಲೆ ನಾನು ಓಡಲಿಲ್ಲ.

ಇದು ನಮ್ಮ ಕಡೆಯ ಕಥೆ ಮಾತ್ರ ಅಂದುಕೊಂಡಿದ್ದೆ. ಇಲ್ಲಿಗೆ ಬಂದ ಮೇಲೆ ತಿಳಿಯಿತು, ಇಲ್ಲೂ ಹಾಗೇ ಇತ್ತು. 1915ರಷ್ಟು ಹಿಂದೆಯೇ ಪರ್ತ್‌ನಲ್ಲಿ ಬಟ್ಟೆ ಬರೆ ಮಾರುವ ದೊಡ್ಡ ಅಂಗಡಿಗಳ ಕೆಲಸದ ಹುಡುಗಿಯರು ಈ ಆಟ ಆಡಿದ್ದರು. ಆದರೂ 2004ರ ಹೊತ್ತಿಗೂ ವಿಕ್ಟೋರಿಯಾದಲ್ಲಿ ಮೂವರು ಹುಡುಗಿಯರು ತಮ್ಮ ಕ್ಲಬ್ಬಿನಲ್ಲಿ ಹುಡುಗರ ಜೊತೆ ಆಡಲು ಬಿಡಿ ಅಂತ ಟ್ರಿಬ್ಯೂನಲ್ ಮೆಟ್ಟಿಲು ಹತ್ತಬೇಕಾಯಿತು. ವಯಸ್ಸಾಯಿತು, ಇನ್ನು ಹುಡುಗರ ಜೊತೆ ಆಡುವಂತಿಲ್ಲ ಅಂದಿದ್ದರು. ಹುಡುಗಿಯರದ್ದೇ ತಂಡ ಬಹಳ ಕಡೆ ಇರಲಿಲ್ಲ. ಆ ಮೂವರಲ್ಲಿ ಒಬ್ಬರಾದ ಪೆನ್ನಿ ಕುಲಾ-ರೀಡ್ ಮುಂದೆ ನಿಮ್ಮ ಲೀಗ್‌ನಲ್ಲೇ ಕಾಲಿಂಗ್‌ವುಡ್ ಪರ ಆಡಿದರು. ನಮ್ಮಜ್ಜಿ ಹೇಳಿದ ಮಾತನ್ನೇ ಆ ಹುಡುಗಿಯರಿಗೂ ಯಾರೋ ಇಂಗ್ಲಿಷ್‌ನಲ್ಲಿ ಹೇಳಿದ್ದರು ಅಂತ ಗೊತ್ತಾದ ದಿನ, ಈ ಊರು ನನಗೆ ಸ್ವಲ್ಪ ಹತ್ತಿರವಾಯಿತು.

ನನ್ನ ಮಗಳು ಆರನೇ ವಯಸ್ಸಿಗೆ ಚಿಕ್ಕ ಮಕ್ಕಳ ಫುಟಿ ತರಬೇತಿಯಾದ ಆಸ್‌ಕಿಕ್ ಸೇರಿದಳು. ಈಗ ಹುಡುಗಿಯರ ತಂಡದಲ್ಲಿ ಆಡುತ್ತಾಳೆ. ಜುಲೈ ಚಳಿಯಲ್ಲಿ ಕೆಸರು ಮೆತ್ತಿಕೊಂಡು ಬಂದು ಕಾರಿನ ಸೀಟು ಹಾಳು ಮಾಡುತ್ತಾಳೆ. ವಿರಾಮದಲ್ಲಿ ಮಕ್ಕಳಿಗೆ ಕೊಡಲು ಕಿತ್ತಳೆ ಹಣ್ಣು ಸೀಳಿ ಡಬ್ಬಿಗೆ ತುಂಬುವ ಸರದಿ ನನ್ನದೂ ಬರುತ್ತದೆ. ಒಂದು ವರ್ಷ ನಮ್ಮ ಮಕ್ಕಳಿಗೆ ತಾಲೀಮಿಗೆ ಸಿಕ್ಕಿದ್ದು ದೀಪವಿಲ್ಲದ ಮೂಲೆಯ ಜಾಗ. ಐದೂವರೆಗೆ ಕತ್ತಲು. ಅಪ್ಪಂದಿರು ಕಾರುಗಳನ್ನು ಸಾಲಾಗಿ ನಿಲ್ಲಿಸಿ ಹೆಡ್‌ಲೈಟ್ ಹಾಕಿದರು. ಆ ಬೆಳಕಿನಲ್ಲಿ ಹುಡುಗಿಯರು ಒದ್ದು ಕಲಿತರು. ಅದರಲ್ಲಿ ಒಬ್ಬಳ ಮುಖದಲ್ಲೂ ಬೇಸರ ಇರಲಿಲ್ಲ. ಶನಿವಾರ ಆರ್ಡನ್ ಸ್ಟ್ರೀಟಿಗೆ ಹೋಗಿ ಗಾರ್ನರ್ ಆಟ ನೋಡುತ್ತೇವೆ ಅನ್ನುವ ಖುಷಿ ಅವರಿಗಿತ್ತು. ಪಂದ್ಯ ಮುಗಿದು ಸೈರನ್ ಆದ ಮೇಲೆ ಮಕ್ಕಳನ್ನು ಮೈದಾನಕ್ಕೆ ಬಿಡುತ್ತಾರಲ್ಲ, ಆ ಹುಲ್ಲಿನ ಮೇಲೆ ನಿಂತು ಒಬ್ಬರಿಗೊಬ್ಬರು ಚೆಂಡು ಒದೆಯುತ್ತಾರೆ. ಬೇಲಿಯ ಪಕ್ಕ ಆಟಗಾರ್ತಿಯರು ನಿಂತು ಒಂದೊಂದು ಮಗುವಿನ ಹೆಸರು ಕೇಳಿ ಸಹಿ ಹಾಕುತ್ತಾರೆ. ನನ್ನ ಮಗಳ ಹೆಸರನ್ನು ಒಬ್ಬರು ಎರಡು ಸಲ ಕೇಳಿ, ಸರಿಯಾಗಿ ಉಚ್ಚರಿಸಿ, ಅಂಗಿಯ ಮೇಲೆ ಬರೆದುಕೊಟ್ಟರು. ಆ ಅಂಗಿಯನ್ನು ಒಗೆಯಲು ಬಿಡುವುದಿಲ್ಲ ಇವಳು.

2017ರಲ್ಲಿ ಹತ್ತು ವರ್ಷದವಳಾಗಿ ಮೊದಲ ಪಂದ್ಯ ನೋಡಿದ ಹುಡುಗಿಗೆ ಈಗ ಹದಿನೇಳು, ಹದಿನೆಂಟು. ಕ್ಲಬ್ಬುಗಳು ಹೊಸಬರನ್ನು ಆರಿಸುವ ಡ್ರಾಫ್ಟ್‌ನಲ್ಲಿ ಈಗ ಬರುತ್ತಿರುವವರು ಅವರೇ. ಚಿಕ್ಕಂದಿನಿಂದ ಟಿವಿಯಲ್ಲಿ ತಮ್ಮಂಥವರನ್ನೇ ನೋಡಿ ಬೆಳೆದ ಮೊದಲ ಪೀಳಿಗೆ. ಆಟದ ಮಟ್ಟ ಇನ್ನೂ ಏರಲಿ, ಆಮೇಲೆ ಪಂದ್ಯ ಹೆಚ್ಚಿಸೋಣ ಅನ್ನುವವರು ಈ ಮಕ್ಕಳ ಆಟವನ್ನು ಒಮ್ಮೆ ಬಂದು ನೋಡಲಿ. ಆಡದೆ ಯಾರ ಆಟವೂ ಸುಧಾರಿಸುವುದಿಲ್ಲ.

ನಮ್ಮೂರಿನ ಒಂದು ವಿಷಯ ಹೇಳುತ್ತೇನೆ. ಬೆಂಗಳೂರಿನ ಆರ್‌ಸಿಬಿ ಗಂಡಸರ ತಂಡ 2008ರಿಂದ ಆಡುತ್ತಿದೆ. ಪ್ರತಿ ವರ್ಷ ನಾವು "ಈ ಸಲ ಕಪ್ ನಮ್ದೇ" ಅನ್ನುತ್ತೇವೆ. ಕೊನೆಗೆ ಮೊದಲ ಕಪ್ ತಂದದ್ದು ಹೆಣ್ಣುಮಕ್ಕಳು, 2024ರ ಮಾರ್ಚ್‌ನಲ್ಲಿ, ತಮ್ಮ ಎರಡನೇ ಸೀಸನ್‌ನಲ್ಲೇ. ಆ ಟೂರ್ನಿಯ ಮೊದಲ ಅರ್ಧ ಚಿನ್ನಸ್ವಾಮಿ ಮೈದಾನದಲ್ಲಿ ನಡೆಯಿತು. ಗಂಡಸರು ಆಡುವ ಅದೇ ಮೈದಾನ, ರಾತ್ರಿ ಏಳೂವರೆ, ಜನ ಕೆಲಸ ಮುಗಿಸಿ ಬರುವ ಹೊತ್ತು. ಗ್ಯಾಲರಿ ತುಂಬಿ ತುಳುಕಿತು. ಅಲ್ಲಿ ನಮ್ಮ ಜನ ಗಂಟಲು ಹರಿಯುವ ಹಾಗೆ ಕೂಗಿದ ಹೆಸರು ನಿಮ್ಮ ದೇಶದ ಎಲಿಸ್ ಪೆರಿ ಅವರದ್ದು. ಬೌಂಡರಿ ಆಚೆ ನಿಲ್ಲಿಸಿದ್ದ ಕಾರಿನ ಗಾಜನ್ನೇ ಅವರು ಸಿಕ್ಸರ್ ಹೊಡೆದು ಒಡೆದರು. ಜನರಿಗೆ ಅನುಕೂಲವಾದ ಹೊತ್ತು, ಒಳ್ಳೆಯ ಮೈದಾನ ಕೊಟ್ಟರು. ಆಮೇಲೆ ಜನ ಬಂದರು. ಕೊಟ್ಟದ್ದು ಮೊದಲು.

ಹಾಗಾಗಿ ನಮ್ಮ ಬೇಡಿಕೆ ಇಷ್ಟು. ಪ್ರತಿ ತಂಡವೂ ಉಳಿದ 17 ತಂಡಗಳ ಜೊತೆ ಒಂದೊಂದು ಸಲ ಆಡಲಿ. ಒಂದೇ ವರ್ಷದಲ್ಲಿ ಬೇಡ, ಮೂರು ವರ್ಷ ತೆಗೆದುಕೊಳ್ಳಿ. ಆದರೆ ಇಂಥ ವರ್ಷಕ್ಕೆ 17 ಆಗುತ್ತದೆ ಅಂತ ಈಗಲೇ ಹೇಳಿ, ಜನ ಎಣಿಸುವ ಷರತ್ತಿಲ್ಲದೆ. ಪಂದ್ಯಗಳು ಶುಕ್ರವಾರ ರಾತ್ರಿಯಿಂದ ಭಾನುವಾರ ಸಂಜೆಯೊಳಗೆ ಇರಲಿ. ಗ್ರ್ಯಾಂಡ್ ಫೈನಲ್‌ಗೆ ದೊಡ್ಡ ಮೈದಾನ ಹುಡುಕಿ. ಐಕಾನ್ ಪಾರ್ಕ್ ಮೇಲೆ ನನಗೂ ಪ್ರೀತಿ ಇದೆ, ಈ ಲೀಗ್ ಹುಟ್ಟಿದ್ದೇ ಅಲ್ಲಿ. ಆದರೆ ಈಗ ಅಲ್ಲಿ ಹಿಡಿಸುವುದು ಹದಿಮೂರು ಸಾವಿರದಷ್ಟು ಜನ. 2019ರಲ್ಲಿ 53,034 ಜನ ಬಂದ ಆಟಕ್ಕೆ ಅದು ಸಾಲದು.

ಕನ್ನಡದ ಅಪ್ಪ ಅಮ್ಮಂದಿರೇ, ನಿಮಗೂ ಒಂದು ಮಾತು. ಈ ವರ್ಷ ದೀಪಾವಳಿ, ರಾಜ್ಯೋತ್ಸವ ಎರಡೂ ಒಟ್ಟಿಗೆ ಬಂದವು. ಆ ಗಡಿಬಿಡಿಯಲ್ಲಿ ಫೈನಲ್ಸ್ ಶುರುವಾದದ್ದೇ ನಮ್ಮಲ್ಲಿ ಯಾರಿಗೂ ಗೊತ್ತಾಗಲಿಲ್ಲ. ಮುಂದಿನ ಆಗಸ್ಟಿನಲ್ಲಿ ಒಂದು ಶನಿವಾರ ಬಿಡುವು ಮಾಡಿಕೊಳ್ಳಿ. ಮಗಳನ್ನು ಕರೆದುಕೊಂಡು ಬನ್ನಿ, ಮಗನನ್ನೂ ಕರೆತನ್ನಿ. ಚಿತ್ರಾನ್ನ, ಕೋಡುಬಳೆ ನಾನು ತರುತ್ತೇನೆ. ನಿಯಮ ಗೊತ್ತಿಲ್ಲ ಅಂತ ಹಿಂಜರಿಯಬೇಡಿ. ನನ್ನ ಮಗಳು ಪಕ್ಕ ಕೂತು ಒಂದೊಂದಾಗಿ ಹೇಳಿಕೊಡುತ್ತಾಳೆ.

ಮಾನ್ಯರೇ, ಈ ಪತ್ರಕ್ಕೆ ಉತ್ತರ ಬರೆಯುವುದಾದರೆ ಅವಳಿಗೇ ಬರೆಯಿರಿ. 2025ರ ಹಾಳೆ ಆಗಲೇ ತಯಾರಾಗಿದೆ. ಅದರಲ್ಲಿ ಐದು ಚೌಕ ಖಾಲಿ ಉಳಿಯುತ್ತವೆ ಅಂತ ಅವಳಿಗೆ ಗೊತ್ತು. ಆದರೂ 17 ಎಳೆದಿದ್ದಾಳೆ. ಅವು ಯಾವ ವರ್ಷ ತುಂಬುತ್ತವೆ ಅಂತ ಮಾತ್ರ ಅವಳಿಗೆ ತಿಳಿಸಿ.

ಇಂತಿ,
ನಾರ್ತ್ ಮೆಲ್ಬರ್ನ್ ಮಹಿಳಾ ತಂಡದ ಒಬ್ಬ ಅಭಿಮಾನಿ, ಒಬ್ಬ ತಾಯಿ
ಟಾರ್ನೀಟ್, ಮೆಲ್ಬರ್ನ್
ಡಿಸೆಂಬರ್ 2024